192.5 ಕೆ.ಜಿ. ಯಾಕೆ? ಪವರ್‌ಲಿಫ್ಟಿಂಗ್ ತಂಡ ವಿದೇಶದಲ್ಲಿ ಆಡುವ ಲೆಕ್ಕದ ಆಟ

ವೇದಿಕೆ ಮೇಲೆ ಅವಳು ಒಬ್ಬಳೇ. ಎದುರಿಗೆ ನೆಲದ ಮೇಲೆ 192.5 ಕೆ.ಜಿ. ಬಾರ್. ಎರಡೂ ಕಡೆ ಮೂರು ಮೂರು ಕೆಂಪು ಪ್ಲೇಟು, ಅವುಗಳ ಪಕ್ಕ ಮೂರು ಚಿಕ್ಕ ಪ್ಲೇಟು. ಗಡಿಯಾರದಲ್ಲಿ 38 ಸೆಕೆಂಡ್ ಉಳಿದಿದೆ. ಅಂಗೈ ತುಂಬಾ ಬಿಳಿ ಪುಡಿ. ಬಗ್ಗುತ್ತಾಳೆ, ಹಿಡಿಯುತ್ತಾಳೆ, ಎಳೆಯುತ್ತಾಳೆ.

ನೋಡುವವರಿಗೆ ಕಾಣುವುದು ಇಷ್ಟು. ಆದರೆ ಸ್ವಲ್ಪ ಹೊತ್ತಿನ ಹಿಂದೆ ಪರದೆ ಮೇಲೆ ಅವಳ ಹೆಸರಿನ ಮುಂದೆ 200 ಅಂತ ಇತ್ತು. ಅದನ್ನು ಯಾರು ಬದಲಾಯಿಸಿದರು? ಏಳೂವರೆ ಕೆ.ಜಿ. ಕಡಿಮೆ ಎತ್ತಿದರೂ ಅವಳಿಗೆ ಚಿನ್ನ ಹೇಗೆ ಸಿಗುತ್ತದೆ? ಇದು ಅರ್ಥವಾದರೆ, ಒಬ್ಬೊಬ್ಬರೇ ಎತ್ತುವ ಈ ಆಟಕ್ಕೆ ತಂಡ ಯಾಕೆ ಬೇಕು ಅನ್ನುವುದೂ ಅರ್ಥವಾಗುತ್ತದೆ. ಈ ಲಿಫ್ಟರ್ ಮತ್ತು ಅವಳ ಅಂಕಿಗಳು ನಾನು ಉದಾಹರಣೆಗೆ ಕಟ್ಟಿಕೊಂಡದ್ದು. ನಿಯಮಗಳು ಮಾತ್ರ ನಿಜವಾದವೇ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಪವರ್‌ಲಿಫ್ಟಿಂಗ್ ಬೇರೆ, ಒಲಿಂಪಿಕ್ಸ್‌ನಲ್ಲಿ ನೋಡುವ ವೇಟ್‌ಲಿಫ್ಟಿಂಗ್ ಬೇರೆ. ವೇಟ್‌ಲಿಫ್ಟಿಂಗ್‌ನಲ್ಲಿ ಬಾರ್ ತಲೆಯ ಮೇಲೆ ಹೋಗುತ್ತದೆ. ಪವರ್‌ಲಿಫ್ಟಿಂಗ್‌ನಲ್ಲಿ ಹೋಗುವುದಿಲ್ಲ. ಇಲ್ಲಿ ಇರುವುದು ಮೂರು ಲಿಫ್ಟ್. ಬೆನ್ನ ಮೇಲೆ ಬಾರ್ ಹೊತ್ತು ಕೂತು ಏಳುವುದು ಸ್ಕ್ವಾಟ್. ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು ಬೆಂಚ್ ಪ್ರೆಸ್. ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು ಡೆಡ್‌ಲಿಫ್ಟ್. ಇದೇ ಕ್ರಮದಲ್ಲಿ, ಒಂದೊಂದಕ್ಕೂ ಮೂರು ಅವಕಾಶ. ಒಟ್ಟು ಒಂಬತ್ತು ಸಲ. ಪ್ರತಿ ಲಿಫ್ಟ್‌ನ ಅತ್ಯುತ್ತಮ ತೂಕ ಕೂಡಿಸಿದರೆ ಬರುವುದು ಟೋಟಲ್. ಅದು ಜಾಸ್ತಿ ಇದ್ದವರು ಗೆದ್ದಂತೆ. ಟೋಟಲ್ ಸಮ ಬಂದರೆ ದೇಹದ ತೂಕ ಕಡಿಮೆ ಇದ್ದವರು ಮುಂದೆ. ಈ ಕೊನೆಯ ಸಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನಿಲ್ಲಿ ಹೇಳುತ್ತಿರುವುದು ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಶನ್, ಅಂದರೆ ಐಪಿಎಫ್‌ನ ನಿಯಮ. ಬೇರೆ ಸಂಸ್ಥೆಗಳೂ ಇವೆ, ಅವುಗಳ ನಿಯಮ ಅಷ್ಟಿಷ್ಟು ಬೇರೆ. ಐಪಿಎಫ್ ಹುಟ್ಟಿದ್ದು 1972ರಲ್ಲಿ. ಮಹಿಳೆಯರಿಗೆ ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು 1980ರಲ್ಲಿ. ಒಲಿಂಪಿಕ್ಸ್‌ನಲ್ಲಿ ಈ ಆಟ ಇಲ್ಲ, ಆದರೆ 1981ರ ಮೊದಲ ವರ್ಲ್ಡ್ ಗೇಮ್ಸ್‌ನಿಂದಲೂ ಅಲ್ಲಿ ಇದೆ. ಇದರಲ್ಲೇ ಎರಡು ಬಗೆ. ಬಿಗಿಯಾದ ವಿಶೇಷ ಸೂಟ್, ಶರ್ಟ್ ಹಾಕಿಕೊಂಡು ಎತ್ತುವುದು ಎಕ್ವಿಪ್ಡ್. ಬೆಲ್ಟ್, ಮಂಡಿಗೆ ಸ್ಲೀವ್, ಮಣಿಕಟ್ಟಿಗೆ ಪಟ್ಟಿ, ಇಷ್ಟರಲ್ಲೇ ಎತ್ತುವುದು ಕ್ಲಾಸಿಕ್. ನಮ್ಮ ಉದಾಹರಣೆಯ ಹುಡುಗಿ ಕ್ಲಾಸಿಕ್‌ನವಳು, 63 ಕೆ.ಜಿ. ವಿಭಾಗ.

ವಿಮಾನ ಹತ್ತುವ ಮೊದಲೇ

ಯಾರು ಹೋಗಬೇಕು ಅನ್ನುವುದೇ ಮೊದಲ ಲೆಕ್ಕ. ಸೀನಿಯರ್ ವಿಭಾಗದಲ್ಲಿ ಗಂಡಸರಿಗೆ ಎಂಟು ತೂಕದ ವಿಭಾಗ, ಹೆಂಗಸರಿಗೆ ಎಂಟು. ಒಂದು ದೇಶ ಒಂದೊಂದು ಕಡೆ ಎಂಟೇ ಜನರನ್ನು ಇಳಿಸಬಹುದು. ಒಂದೇ ತೂಕದ ವಿಭಾಗಕ್ಕೆ ಇಬ್ಬರಿಗಿಂತ ಜಾಸ್ತಿ ಹಾಕುವ ಹಾಗಿಲ್ಲ. ಅಂದರೆ ಒಂದು ವಿಭಾಗದಲ್ಲಿ ಇಬ್ಬರು ಗಟ್ಟಿ ಲಿಫ್ಟರ್‌ಗಳಿದ್ದು ಇಬ್ಬರನ್ನೂ ಹಾಕಿದರೆ, ಇನ್ನೊಂದು ವಿಭಾಗ ಖಾಲಿ ಉಳಿಯುತ್ತದೆ. ಯಾವುದು ಲಾಭ? ಅದು ತಂಡದ ಅಂಕಗಳ ಮೇಲೆ ನಿಂತಿದೆ.

ಅಂಕ ಹೀಗೆ: ಮೊದಲ ಸ್ಥಾನಕ್ಕೆ 12, ಎರಡನೆಯದಕ್ಕೆ 9, ಮೂರಕ್ಕೆ 8, ನಾಲ್ಕಕ್ಕೆ 7, ಹೀಗೇ ಒಂದೊಂದೇ ಇಳಿಯುತ್ತ ಹೋಗುತ್ತದೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಮೂರನೇ ಸ್ಥಾನದಿಂದ ನಾಲ್ಕಕ್ಕೆ ಜಾರಿದರೆ ತಂಡಕ್ಕೆ ಹೋಗುವುದು ಒಂದೇ ಅಂಕ. ಆದರೆ ಯಾವುದಾದರೂ ಒಂದು ಲಿಫ್ಟ್‌ನಲ್ಲಿ ಮೂರೂ ಅವಕಾಶ ಕೈಕೊಟ್ಟರೆ ಟೋಟಲ್ಲೇ ಇಲ್ಲ, ಸ್ಥಾನವೂ ಇಲ್ಲ, ಅಂಕವೂ ಇಲ್ಲ. ಇದಕ್ಕೆ ಲಿಫ್ಟರ್‌ಗಳು ಹೇಳುವುದು ‘ಬಾಂಬ್ ಔಟ್’ ಅಂತ. ಪದಕಕ್ಕೆ ಕೈಚಾಚಿ ಬಾಂಬ್ ಔಟ್ ಆದ ಒಬ್ಬ ಲಿಫ್ಟರ್‌ನಿಂದ ತಂಡ ಕಳೆದುಕೊಳ್ಳುವುದನ್ನು, ಸುಮ್ನೆ ಸುರಕ್ಷಿತವಾಗಿ ಆರನೇ ಸ್ಥಾನಕ್ಕೆ ಬಂದ ಇನ್ನೊಬ್ಬ ತುಂಬಿಕೊಡಲಾರ. ಹಾಗಾಗಿಯೇ ಒಳ್ಳೆಯ ಕೋಚ್‌ಗಳು ಮೊದಲ ಅವಕಾಶವನ್ನು ಯಾವಾಗಲೂ ಹಗುರವಾಗಿ ಇಡುತ್ತಾರೆ.

ಅಂತಿಮ ಹೆಸರುಗಳ ಪಟ್ಟಿ ಸ್ಪರ್ಧೆಗೆ 21 ದಿನ ಮೊದಲೇ ಹೋಗಬೇಕು. ಅದರಲ್ಲಿ ಪ್ರತಿಯೊಬ್ಬರ ತೂಕದ ವಿಭಾಗದ ಜೊತೆ ಅವರ ಹಿಂದಿನ ಉತ್ತಮ ಟೋಟಲ್ ಕೂಡ ಇರುತ್ತದೆ. ವಿಭಾಗದಲ್ಲಿ ಜನ ಜಾಸ್ತಿ ಇದ್ದರೆ ಆ ಟೋಟಲ್ ನೋಡಿಯೇ ಗುಂಪು ಮಾಡುತ್ತಾರೆ. ಕಡಿಮೆ ಟೋಟಲ್‌ನವರು ಮೊದಲ ಗುಂಪಿನಲ್ಲಿ ಎತ್ತಿ ಮುಗಿಸಿ, ದೊಡ್ಡವರು ಮುಗಿಸುವ ತನಕ ತಮ್ಮ ಸ್ಥಾನ ಉಳಿಯುತ್ತದೋ ಇಲ್ಲವೋ ಅಂತ ಕಾಯುತ್ತ ಕೂರಬೇಕು. ಆ ಕಾಯುವಿಕೆ ಸ್ಕ್ವಾಟ್‌ಗಿಂತ ಭಾರ.

ಬ್ಯಾಗ್ ಕಟ್ಟುವುದೂ ಒಂದು ಕೆಲಸವೇ. ಐಪಿಎಫ್ ಒಪ್ಪಿಗೆ ಕೊಟ್ಟ ಪಟ್ಟಿಯಲ್ಲಿರುವ ಬೆಲ್ಟ್, ಸ್ಲೀವ್, ಸಿಂಗ್ಲೆಟ್ (ಮೈಗಂಟುವ ಒಂದೇ ತುಂಡಿನ ಉಡುಪು) ಮಾತ್ರ ನಡೆಯುತ್ತದೆ. ಬೆಲ್ಟ್ 10 ಸೆಂ.ಮೀ.ಗಿಂತ ಅಗಲ ಇರಬಾರದು, 13 ಮಿ.ಮೀ.ಗಿಂತ ದಪ್ಪ ಇರಬಾರದು. ಡೆಡ್‌ಲಿಫ್ಟ್‌ಗೆ ಮೊಣಕಾಲಿನ ಕೆಳಗಿನವರೆಗೆ ಬರುವ ಉದ್ದ ಸಾಕ್ಸ್ ಕಡ್ಡಾಯ, ಯಾಕೆಂದರೆ ಬಾರ್ ಮುಂಗಾಲನ್ನು ಉಜ್ಜಿಕೊಂಡೇ ಮೇಲೆ ಬರುತ್ತದೆ. ಇವನ್ನೆಲ್ಲ ದೊಡ್ಡ ಸೂಟ್‌ಕೇಸ್‌ನಲ್ಲಿ ಹಾಕಿ ಕಳಿಸುವುದು ಬೇಡ. ಸೂಟ್‌ಕೇಸ್ ಬೇರೆ ಊರಿಗೆ ಹೋಗಿಬಿಟ್ಟರೆ, ಗೊತ್ತಿಲ್ಲದ ಜಾಗದಲ್ಲಿ ಒಂದೇ ದಿನದಲ್ಲಿ ಕಾಲಿಗೆ ಒಗ್ಗಿದ ಶೂ, ಸೊಂಟಕ್ಕೆ ಒಗ್ಗಿದ ಬೆಲ್ಟ್ ಎಲ್ಲಿ ತರುವುದು? ಅವು ಕೈಚೀಲದಲ್ಲೇ ಹೋಗಬೇಕು.

ಆಮೇಲೆ ನಿದ್ದೆ. ಬೇರೆ ಹೊತ್ತಿನ ದೇಶಕ್ಕೆ ಹೋದಾಗ ದೇಹದ ಗಡಿಯಾರ ಹಳೆಯ ಜಾಗದಲ್ಲೇ ನಿಂತಿರುತ್ತದೆ. ಒಂದು ಗಂಟೆಯ ವ್ಯತ್ಯಾಸ ಸರಿಹೋಗಲು ಹೆಚ್ಚುಕಡಿಮೆ ಒಂದು ದಿನ ಬೇಕು ಅಂತ ಲೆಕ್ಕ. ಪೂರ್ವಕ್ಕೆ ಹೋದರೆ ಇನ್ನೂ ಕಷ್ಟ. ಆರು ಗಂಟೆ ಪೂರ್ವಕ್ಕೆ ಹೋದ ತಂಡಕ್ಕೆ ಅಲ್ಲಿಯ ಬೆಳಗಿನ ಒಂಬತ್ತು ಗಂಟೆ ಅಂದರೆ ದೇಹದ ಪ್ರಕಾರ ರಾತ್ರಿ ಮೂರು. ಆ ಹೊತ್ತಿಗೆ ಗರಿಷ್ಠ ಭಾರ ಹೊರಲು ಯಾವ ಬೆನ್ನೂ ಒಪ್ಪುವುದಿಲ್ಲ. ಅದಕ್ಕೇ ಸಾಧ್ಯವಾದ ತಂಡಗಳು ನಾಲ್ಕೈದು ದಿನ ಮೊದಲೇ ಹೋಗಿ, ಹಗಲಲ್ಲಿ ಬಿಸಿಲಿಗೆ ಓಡಾಡಿ, ಹಗುರವಾಗಿ ಒಂದೆರಡು ಸಲ ಬಾರ್ ಹಿಡಿದು ನೋಡುತ್ತವೆ.

ಎರಡು ಗಂಟೆಯ ಕಿಟಕಿ

ಸ್ಪರ್ಧೆ ಶುರುವಾಗುವ ಎರಡು ಗಂಟೆ ಮೊದಲು ತೂಕ ನೋಡುತ್ತಾರೆ. ಅದಕ್ಕೆ ಒಂದೂವರೆ ಗಂಟೆ ಸಮಯ. ಮುಚ್ಚಿದ ಕೋಣೆ, ಒಬ್ಬೊಬ್ಬರೇ ಒಳಗೆ. ತೂಕ ಜಾಸ್ತಿ ಬಂದರೆ ಆ ಒಂದೂವರೆ ಗಂಟೆಯೊಳಗೆ ಮತ್ತೆ ಬಂದು ನಿಲ್ಲಬಹುದು. ಅಷ್ಟರಲ್ಲೂ ಇಳಿಯದಿದ್ದರೆ ಆ ವಿಭಾಗದಿಂದ ಹೊರಗೆ. ತಿಂಗಳುಗಟ್ಟಲೆ ಮಾಡಿದ ಕಷ್ಟ ಅಲ್ಲಿಗೇ ನಿಂತುಹೋಗುತ್ತದೆ.

ಕುಸ್ತಿ, ಬಾಕ್ಸಿಂಗ್ ಥರದ ಆಟಗಳಲ್ಲಿ ನೀರು ಬಿಟ್ಟು, ಬೆವರು ಸುರಿಸಿ ಕಿಲೋಗಟ್ಟಲೆ ಇಳಿಸುವ ಕಥೆ ಕೇಳಿರುತ್ತೀರಿ. ಇಲ್ಲಿ ಅದು ದುಬಾರಿಯಾಗುತ್ತದೆ. ಎರಡೇ ಗಂಟೆಯಲ್ಲಿ ಒಣಗಿದ ದೇಹಕ್ಕೆ ನೀರು, ಉಪ್ಪು, ಸಕ್ಕರೆ ತುಂಬಿ, ಅದು ಸ್ನಾಯುವಿಗೆ ಹೋಗಿ ಕೂರಬೇಕು ಅಂದರೆ ಆಗುವ ಮಾತಲ್ಲ. ಕೈ ನಡುಗುತ್ತದೆ, ಕಾಲು ಸೆಟೆಯುತ್ತದೆ. ಹಾಗಾಗಿ ತಂಡದಲ್ಲಿ ಯಾರೋ ಒಬ್ಬರು ಚಿಕ್ಕ ತೂಕದ ಯಂತ್ರ ಹಿಡಿದುಕೊಂಡೇ ಓಡಾಡುತ್ತಾರೆ. ವಿಮಾನದಲ್ಲಿ ಗಂಟೆಗಟ್ಟಲೆ ಕೂತು ಕಾಲು ಊದಿಕೊಂಡಿರುತ್ತದೆ, ಹೊಟ್ಟೆ ಸರಿಯಾಗಿರುವುದಿಲ್ಲ, ತೂಕ ಸುಳ್ಳು ಹೇಳುತ್ತದೆ. ನಮ್ಮ ಹುಡುಗಿ ಇಳಿದ ದಿನ 64.1 ಇದ್ದಳು. ಗಾಬರಿಯಾಗಿ ಊಟ ಬಿಡಿಸಿದ್ದರೆ ಕೆಟ್ಟುಹೋಗುತ್ತಿತ್ತು. ನಿದ್ದೆ ಮಾಡಿಸಿದರು, ನಡೆಸಿದರು, ಉಪ್ಪು ಸ್ವಲ್ಪ ಕಡಿಮೆ ಮಾಡಿದರು. ತೂಕದ ದಿನ 62.30. ಎದುರಾಳಿ 62.85. ಈ ಅರ್ಧ ಕಿಲೋ ವ್ಯತ್ಯಾಸವನ್ನು ಕೋಚ್ ಹಾಳೆಯ ಮೇಲೆ ದಪ್ಪಗೆ ಬರೆದು ಸುತ್ತ ಗೆರೆ ಎಳೆದಿದ್ದಾರೆ.

ತೂಕ ಕೊಡುವಾಗಲೇ ಮೂರೂ ಲಿಫ್ಟ್‌ನ ಮೊದಲ ತೂಕ ಹೇಳಿಬಿಡಬೇಕು. ಇದನ್ನು ಓಪನರ್ ಅನ್ನುತ್ತಾರೆ. ಸ್ಕ್ವಾಟ್ ಸ್ಟ್ಯಾಂಡ್ ಎಷ್ಟು ಎತ್ತರ ಇರಬೇಕು, ಬೆಂಚ್‌ನದ್ದು ಎಷ್ಟು ಅನ್ನುವುದೂ ಬರೆಸಬೇಕು. ಒಂದು ತೂತು ಮೇಲಾದರೂ ಬಾರ್ ತೆಗೆಯುವಾಗಲೇ ತುದಿಗಾಲಲ್ಲಿ ನಿಲ್ಲಬೇಕಾಗುತ್ತದೆ. ಓಪನರ್ ಎಷ್ಟಿರಬೇಕು? ಜ್ವರ ಬಂದು ಎದ್ದ ದಿನವೂ ಎತ್ತಬಲ್ಲೆ ಅನ್ನುವಷ್ಟು. ಅಭ್ಯಾಸದಲ್ಲಿ ಒಂದೇ ಸಮನೆ ಮೂರು ಸಲ ಎತ್ತಿದ ತೂಕ ಇದ್ದರೆ ಸಾಕು. ಓಪನರ್ ಕೆಲಸ ಗೆಲ್ಲಿಸುವುದಲ್ಲ, ಟೋಟಲ್ ಭದ್ರ ಮಾಡುವುದು.

ವೇದಿಕೆಯ ಹಿಂದೆ

ನನಗೆ ಇಡೀ ಕೂಟದಲ್ಲಿ ತುಂಬಾ ಇಷ್ಟದ ಜಾಗ ವಾರ್ಮಪ್ ಕೋಣೆ. ಹತ್ತಾರು ದೇಶದವರು, ನಾಲ್ಕಾರು ಸ್ಟ್ಯಾಂಡು. ಭಾಷೆ ಬರುವುದಿಲ್ಲ, ಬೆರಳು ತೋರಿಸಿ ತೂಕ ಹೇಳುತ್ತಾರೆ. ಎದುರಾಳಿಯ ಪ್ಲೇಟನ್ನೇ ನೀವು ಹಾಕಿಕೊಡುತ್ತೀರಿ, ಅವರು ನಿಮ್ಮದನ್ನು.

ಇಲ್ಲಿನ ಕಷ್ಟ ಸಮಯದ್ದು. ಗುಂಪಿನಲ್ಲಿ ಹದಿನಾಲ್ಕು ಜನ ಇದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರಿಗೆ ಸುಮಾರು ಒಂದು ನಿಮಿಷ. ಕಡಿಮೆ ತೂಕ ಹೇಳಿದವರು ಮೊದಲು ಬರುತ್ತಾರೆ, ಬಾರ್ ಏರುತ್ತ ಹೋಗುತ್ತದೆ. ನಮ್ಮ ಹುಡುಗಿಯ ಸ್ಕ್ವಾಟ್ ಓಪನರ್ 152.5. ಪಟ್ಟಿಯಲ್ಲಿ ಅವಳು ಹತ್ತನೆಯವಳು. ಹಾಗಾದರೆ ಶುರುವಾದ ಒಂಬತ್ತು ನಿಮಿಷಕ್ಕೆ ಅವಳ ಸರದಿ. ಕೊನೆಯ ವಾರ್ಮಪ್ ಅದಕ್ಕಿಂತ ಐದಾರು ನಿಮಿಷ ಮೊದಲು ಮುಗಿದಿರಬೇಕು. ತೀರಾ ಮೊದಲೇ ಮಾಡಿದರೆ ದೇಹ ತಣ್ಣಗಾಗುತ್ತದೆ, ತಡವಾದರೆ ಉಸಿರು ಸಿಗುವುದಿಲ್ಲ. ಹಾಗಾಗಿ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕುತ್ತಾರೆ: 142.5, ಅದಕ್ಕೆ ಮೊದಲು 130, 110, 90, 60, ಖಾಲಿ ಬಾರ್. ನಡುವೆ ಯಾರೋ ತಮ್ಮ ಓಪನರ್ ಬದಲಾಯಿಸಿದರು ಅಂದರೆ ಪಟ್ಟಿ ಹಿಂದೆಮುಂದೆ ಆಗುತ್ತದೆ. ಸುತ್ತು ಶುರುವಾಗುವ ಮೂರು ನಿಮಿಷ ಮೊದಲಿನವರೆಗೆ ಓಪನರನ್ನು ಒಂದು ಸಲ ಬದಲಾಯಿಸಬಹುದು. ಒಬ್ಬರು ಪರದೆ ನೋಡುತ್ತಲೇ ನಿಂತಿರಬೇಕು. ಲಿಫ್ಟರ್‌ಗೆ ಇದ್ಯಾವುದೂ ಗೊತ್ತಾಗಬಾರದು. ಅವಳಿಗೆ ಹೇಳುವುದು ಇಷ್ಟೇ: ‘ಕೂತ್ಕೊ. ಈಗ ಎದ್ದೇಳು. ಬೆಲ್ಟ್ ಹಾಕ್ಕೊ.’

ಬಾರ್‌ನ ಲೆಕ್ಕ ಒಂದು ಸಲ ಮಾಡಿ ನೋಡಿ, ಚೆನ್ನಾಗಿರುತ್ತದೆ. ಬಾರ್ 20 ಕೆ.ಜಿ. ಪ್ಲೇಟು ಜಾರದಂತೆ ಎರಡೂ ತುದಿಗೆ ಹಾಕುವ ಕಾಲರ್ ಒಂದೊಂದು 2.5. ಅಲ್ಲಿಗೆ 25 ಆಯಿತು. 192.5ರಲ್ಲಿ ಅದನ್ನು ಕಳೆದರೆ 167.5. ಒಂದು ಕಡೆಗೆ 83.75. ಕೆಂಪು ಪ್ಲೇಟು 25 ಕೆ.ಜಿ.ಯದ್ದು, ಅದು ಮೂರು ಹಾಕಿದರೆ 75. ಉಳಿದದ್ದಕ್ಕೆ 5, 2.5, 1.25. ಅಭ್ಯಾಸ ಇದ್ದವರು ಪ್ಲೇಟಿನ ಬಣ್ಣ ನೋಡಿಯೇ ತೂಕ ಹೇಳುತ್ತಾರೆ.

ಮೂರು ದೀಪ

ವೇದಿಕೆಯಲ್ಲಿ ಮೂವರು ರೆಫರಿ, ಎದುರಿಗೆ ಒಬ್ಬರು, ಪಕ್ಕಗಳಲ್ಲಿ ಇಬ್ಬರು. ಇಬ್ಬರು ಬಿಳಿ ದೀಪ ಕೊಟ್ಟರೆ ಲಿಫ್ಟ್ ಆಯಿತು. ಬಾರ್ ಸಿದ್ಧ ಅಂತ ಕೂಗಿದ ಮೇಲೆ ಲಿಫ್ಟ್ ಶುರು ಮಾಡಲು ಒಂದು ನಿಮಿಷ.

ಬರೀ ಎತ್ತಿದರೆ ಆಗಲಿಲ್ಲ, ಅಪ್ಪಣೆಗೆ ಕಾಯಬೇಕು. ಸ್ಕ್ವಾಟ್‌ನಲ್ಲಿ ನೆಟ್ಟಗೆ ನಿಂತ ಮೇಲೆ ‘ಸ್ಕ್ವಾಟ್’ ಅನ್ನುತ್ತಾರೆ, ಎದ್ದು ನಿಂತ ಮೇಲೆ ‘ರ್‍ಯಾಕ್’. ಬೆಂಚ್‌ನಲ್ಲಿ ಮೂರು: ‘ಸ್ಟಾರ್ಟ್’, ಬಾರ್ ಎದೆ ಮೇಲೆ ಅಲುಗದೆ ನಿಂತಾಗ ‘ಪ್ರೆಸ್’, ಕೊನೆಗೆ ‘ರ್‍ಯಾಕ್’. ಡೆಡ್‌ಲಿಫ್ಟ್‌ನಲ್ಲಿ ಒಂದೇ, ‘ಡೌನ್’. ಯಾವ ಭಾಷೆಯ ಲಿಫ್ಟರ್ ಬಂದರೂ ಇದೇ ಪದ, ಜೊತೆಗೆ ಕೈ ಸನ್ನೆಯೂ ಇರುತ್ತದೆ. ಗದ್ದಲದಲ್ಲಿ ಅವಸರ ಮಾಡಿ, ಪೂರ್ತಿ ಎತ್ತಿದ ತೂಕವನ್ನೂ ಅಪ್ಪಣೆಗೆ ಮೊದಲೇ ಇಳಿಸಿ ಕಳೆದುಕೊಂಡವರು ಎಷ್ಟೋ ಜನ. ಅದು ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಬಲ ಇತ್ತು, ಎತ್ತಿದ್ದೂ ಆಯಿತು, ಅರ್ಧ ಸೆಕೆಂಡ್ ತಾಳ್ಮೆ ಸಾಲದೆ ಹೋಯಿತು.

ಸ್ಕ್ವಾಟ್‌ನಲ್ಲಿ ಜಾಸ್ತಿ ಜಗಳ ಆಳದ್ದು. ಸೊಂಟದ ಕೀಲಿನ ಹತ್ತಿರ ತೊಡೆಯ ಮೇಲ್ಭಾಗ ಮಂಡಿಯ ಮೇಲ್ಭಾಗಕ್ಕಿಂತ ಕೆಳಗೆ ಹೋಗಲೇಬೇಕು. ಬೆಂಚ್‌ನಲ್ಲಿ 2023ರಿಂದ ಒಂದು ಹೊಸ ನಿಯಮ ಬಂತು. ಕೆಲವರು ಬೆನ್ನನ್ನು ಎಷ್ಟು ಬಿಲ್ಲಿನಂತೆ ಬಗ್ಗಿಸುತ್ತಿದ್ದರು ಅಂದರೆ ಬಾರ್ ಕೆಲವೇ ಇಂಚು ಓಡಾಡುತ್ತಿತ್ತು. ಈಗ ಬಾರ್ ಎದೆಗೆ ಬಂದಾಗ ಮೊಣಕೈಯ ಕೆಳಭಾಗ ಭುಜದ ಮೇಲ್ಭಾಗದ ಮಟ್ಟಕ್ಕಾದರೂ ಇಳಿಯಬೇಕು. ನನಗೆ ಇದು ಸರಿಯಾದ ನಿಯಮ ಅನ್ನಿಸುತ್ತದೆ. ಆದರೆ ಕೈ ಚಿಕ್ಕದಿದ್ದು ಎದೆ ಅಗಲ ಇರುವವರಿಗೆ ಇದು ನಿಜಕ್ಕೂ ಕಷ್ಟ. ಅಂಥವರು ವರ್ಷಗಟ್ಟಲೆ ಕಲಿತ ಹಿಡಿತವನ್ನೇ ಬದಲಾಯಿಸಬೇಕಾಯಿತು.

ಒಂದು ಲಿಫ್ಟ್ ಮುಗಿದ ಒಂದು ನಿಮಿಷದೊಳಗೆ ಮುಂದಿನ ತೂಕ ಬರೆದು ಮೇಜಿಗೆ ಕೊಡಬೇಕು. ಆ ಒಂದು ನಿಮಿಷದಲ್ಲಿ ಲಿಫ್ಟರ್ ಇನ್ನೂ ಉಸಿರು ತೆಗೆದುಕೊಳ್ಳುತ್ತಿರುತ್ತಾಳೆ. ತೀರ್ಮಾನ ಕೋಚ್‌ನದ್ದು. ಬಾರ್ ಎಷ್ಟು ವೇಗವಾಗಿ ಬಂತು, ಮಂಡಿ ಒಳಗೆ ಬಂತಾ, ಬೆನ್ನು ಬಾಗಿತಾ, ಇಷ್ಟು ನೋಡಿ ಒಂದು ಅಂಕಿ ಬರೆಯಬೇಕು.

ಕೊನೆಯ ಡೆಡ್‌ಲಿಫ್ಟ್

ಈಗ 192.5ಕ್ಕೆ ಬರೋಣ. ನಮ್ಮ ಹುಡುಗಿ ಸ್ಕ್ವಾಟ್ 165, ಬೆಂಚ್ 95 ಎತ್ತಿದ್ದಾಳೆ, ಕೂಡಿಸಿದರೆ 260. ಎದುರಾಳಿ 170 ಮತ್ತು 97.5, ಅಂದರೆ 267.5. ಏಳೂವರೆ ಹಿಂದಿದ್ದೇವೆ. ಡೆಡ್‌ಲಿಫ್ಟ್‌ನ ಎರಡನೇ ಸುತ್ತಿನಲ್ಲಿ ಎದುರಾಳಿ 185 ಎತ್ತಿ 452.5 ಮಾಡಿದಳು. ಮೂರನೆಯದಕ್ಕೆ 190 ಬರೆದುಕೊಟ್ಟರು. ನಮ್ಮವಳು 190 ಎತ್ತಿ 450ಕ್ಕೆ ಬಂದಳು.

ನಮ್ಮ ಕೋಚ್ ಬರೆದದ್ದು 197.5. ಯಾಕೆಂದರೆ ಎದುರಾಳಿ 190 ಎತ್ತಿದರೆ 457.5 ಆಗುತ್ತದೆ, ನಮ್ಮವಳು 197.5 ಎತ್ತಿದರೂ 457.5. ಸಮ. ದೇಹದ ತೂಕ ನಮ್ಮದು ಕಡಿಮೆ, ಚಿನ್ನ ನಮಗೆ. ಆ ಗೆರೆ ಎಳೆದ 62.30 ಇಲ್ಲಿ ಕೆಲಸಕ್ಕೆ ಬಂತು. ಅದಿಲ್ಲದಿದ್ದರೆ 200 ಬೇಕಾಗುತ್ತಿತ್ತು.

ಓಪನರ್ ಬಿಟ್ಟರೆ ಬೇರೆ ಸುತ್ತುಗಳಲ್ಲಿ ಬರೆದ ಅಂಕಿ ಬರೆದದ್ದೇ. ಡೆಡ್‌ಲಿಫ್ಟ್‌ನ ಮೂರನೇ ಸುತ್ತಿನಲ್ಲಿ ಮಾತ್ರ ಎರಡು ಸಲ ಬದಲಾಯಿಸಬಹುದು, ಮೇಲಕ್ಕೂ ಸರಿ, ಕೆಳಕ್ಕೂ ಸರಿ. ಮೊದಲು ಬರೆದ ತೂಕಕ್ಕೆ ಬಾರ್ ಸಿದ್ಧ ಮಾಡಿ ಹೆಸರು ಕರೆಯುವುದರೊಳಗೆ ಆಗಬೇಕು, ಅಷ್ಟೇ. ಎದುರಾಳಿಯ ಕೋಚ್ ಕೂಡ ಇದೇ ಲೆಕ್ಕ ಮಾಡುತ್ತಿರುತ್ತಾರೆ. ಅವರು 190 ತೆಗೆದು 192.5 ಮಾಡಿದರು. ಈಗ ಎತ್ತಿದರೆ 460. ನಮ್ಮ ಕೋಚ್ ಮತ್ತೆ ಮೇಜಿಗೆ ಹೋಗಿ 200 ಬರೆದರು. 460ಕ್ಕೆ 460. ಒಂದು ಬದಲಾವಣೆ ಮುಗಿಯಿತು, ಇನ್ನೊಂದು ಉಳಿದಿದೆ.

ಹಗುರ ಬಾರ್ ಮೊದಲು, ಹಾಗಾಗಿ ಎದುರಾಳಿ ಮೊದಲು ಬಂದಳು. 192.5 ಮಂಡಿ ದಾಟಿ ಬಂತು, ತೊಡೆಯ ಹತ್ತಿರ ನಿಂತಿತು, ಅಲ್ಲಿಂದ ಮೇಲೇಳಲಿಲ್ಲ. ಮೂರು ಕೆಂಪು ದೀಪ. ಅವಳ ಟೋಟಲ್ 452.5ರಲ್ಲೇ ನಿಂತಿತು.

ದೀಪ ಬರುವಷ್ಟರಲ್ಲಿ ನಮ್ಮ ಕೋಚ್ ಮೇಜಿನ ಹತ್ತಿರ ಇದ್ದರು. ಚೀಟಿ ಮೊದಲೇ ಬರೆದು ಕೈಯಲ್ಲಿ ಹಿಡಿದಿದ್ದರು. ನಮಗೆ ಬೇಕಾದದ್ದು 452.5 ಮಾತ್ರ. 260ಕ್ಕೆ 192.5 ಕೂಡಿಸಿದರೆ ಸರಿಹೋಗುತ್ತದೆ, ದೇಹದ ತೂಕದ ಮೇಲೆ ಗೆಲುವು. ಬಾರ್‌ಗೆ 200 ಹಾಕಲು ಹುಡುಗರು ಮುಂದೆ ಬರುವುದರೊಳಗೆ ಪರದೆಯಲ್ಲಿ ಅಂಕಿ ಬದಲಾಯಿತು. ಅವರು ಹಿಂದೆ ಸರಿದರು. ಎದುರಾಳಿಗೆ ಏಳದ ಅದೇ ಬಾರ್, ಅದೇ ಪ್ಲೇಟು, ನಮ್ಮ ಹುಡುಗಿಗೆ.

ಅವಳಿಗೆ ಇದೆಲ್ಲ ಹೇಳಿದರಾ? ಇಲ್ಲ. ‘ಸ್ವಲ್ಪ ಇಳಿಸಿದ್ದೀವಿ. ಡೌನ್ ಅನ್ನೋವರೆಗೆ ಬಿಡಬೇಡ’ ಅಂದರು, ಬೆನ್ನು ತಟ್ಟಿ ಕಳಿಸಿದರು.

ಪದಕ ಕೊರಳಿಗೆ ಬಿದ್ದ ಮೇಲೂ ದಿನ ಮುಗಿಯುವುದಿಲ್ಲ. ಐಪಿಎಫ್ ವಿಶ್ವ ಡೋಪಿಂಗ್ ವಿರೋಧಿ ಸಂಹಿತೆಗೆ ಒಳಪಟ್ಟ ಸಂಸ್ಥೆ. ಪರೀಕ್ಷೆಗೆ ಹೆಸರು ಬಂದರೆ ಆ ಕ್ಷಣದಿಂದ ಒಬ್ಬ ಅಧಿಕಾರಿ ಜೊತೆಯಲ್ಲೇ ಇರುತ್ತಾರೆ, ಕಣ್ಣಿಂದ ಮರೆಯಾಗುವ ಹಾಗಿಲ್ಲ. ಕನಿಷ್ಠ 90 ಮಿಲಿ ಲೀಟರ್ ಮೂತ್ರ ಕೊಡಬೇಕು. ಬೆಳಿಗ್ಗೆಯಿಂದ ಅಳೆದು ಕುಡಿದು, ಬೆವರಿ ಒಣಗಿದವಳಿಗೆ ಅದು ಸುಲಭ ಅಲ್ವಲ್ಲ. ಸೀಲ್ ಒಡೆಯದ ನೀರಿನ ಬಾಟಲಿ ಒಂದಾದ ಮೇಲೊಂದು ಖಾಲಿ ಮಾಡುತ್ತ ಕೂರುತ್ತಾಳೆ. ತಂಡದ ಒಬ್ಬರು ಪಕ್ಕದಲ್ಲಿ ಕೂತು, ಅವಳು ಈಚೆಗೆ ತೆಗೆದುಕೊಂಡ ಔಷಧಿ, ಪುಡಿಗಳ ಹೆಸರನ್ನು ಫಾರಂನಲ್ಲಿ ಒಂದೂ ಬಿಡದೆ ಬರೆಸುತ್ತಾರೆ. ಹೊರಗೆ ಹಾಲ್‌ನ ದೀಪಗಳು ಒಂದೊಂದೇ ಆರುತ್ತವೆ. ಕೋಚ್ ಬಾಗಿಲಿನಾಚೆ ಬೆಂಚಿನ ಮೇಲೆ ಹೊಸ ಹಾಳೆ ತೆಗೆದಿದ್ದಾರೆ. ನಾಳೆ 69 ಕೆ.ಜಿ. ವಿಭಾಗ, ಬೆಳಿಗ್ಗೆ ಏಳಕ್ಕೆ ತೂಕ. ಓಪನರ್ ಜಾಗ ಇನ್ನೂ ಖಾಲಿ ಇದೆ.